ಕಾಗದದ ಬಾಗಿಲಿಗೆ ಬಟ್ಟೆ

ಮಣಿಪಾಲದ ನಮ್ಮ ಫ್ಲ್ಯಾಟಿನ ಹಾಲಿಗೆ ಜಪಾನಿ ಮನೆಗಳಲ್ಲಿರುವಂಥ ಕಾಗದದ ಜಾರುಬಾಗಿಲು ಬೇಕೆಂದು ಹಟ ಹಿಡಿದವಳು ನಾನೇ. ಕಾಪುವಿನ ಬಡಗಿಯೊಬ್ಬರು ನನ್ನ ಮೊಬೈಲಿನ ಚಿತ್ರ ನೋಡಿಯೇ ಮರದ ಚೌಕಟ್ಟು ಮಾಡಿಕೊಟ್ಟರು. ಅದಕ್ಕೆ ಬಿಳಿ ಕಾಗದವನ್ನು ನಾನೇ ಅಂಟಿಸಿದೆ. ಜೂನ್ ಮುಗಿಯುವುದರೊಳಗೆ ಕಾಗದ ತೇವ ಹೀರಿ ಜೋತುಬಿತ್ತು, ಮೂಲೆಗಳಲ್ಲಿ ಬೂಸ್ಟು ಹಿಡಿಯಿತು. ನನಗೆ ಅಳುವೇ ಬಂತು.

ಮಸ್ಕತ್‌ನಲ್ಲಿ ಬಹಳ ವರ್ಷ ಟೈಲರ್ ಆಗಿದ್ದ ನನ್ನ ಮಾವ ಹತ್ತಿರ ಬಂದು ಕಾಗದವನ್ನು ಬೆರಳಿನಿಂದ ಒತ್ತಿ ನೋಡಿದರು.

“ನಮ್ಮ ಮಳೆಗೆ ಕಾಗದ ನಿಲ್ಲುವುದುಂಟಾ ಮಗಾ? ಬಟ್ಟೆ ಹಾಕುವ,” ಎಂದರು.

“ಯಾರು ಹೊಲಿಯುವುದು ಮಾವ?”

“ನಾನಿಲ್ವಾ?”

ಕೈ ನಡುಗಲು ಶುರುವಾದ ಮೇಲೆ ಅವರು ಸೂಜಿ ಮುಟ್ಟಿರಲಿಲ್ಲ. ನಾನು ದಾರ ಪೋಣಿಸಿ ಕೊಟ್ಟೆ. ನಾಲ್ಕು ಮಧ್ಯಾಹ್ನ ಕಿಟಕಿಯ ಬಳಿ ಕುಳಿತು ತೆಳುವಾದ ಬಿಳಿ ಹತ್ತಿಬಟ್ಟೆಯ ಅಂಚು ಹೊಲಿದರು. ಹೊಲಿಗೆ ಅಲ್ಲಲ್ಲಿ ಸೊಟ್ಟಗಾಗಿತ್ತು. ಬಿಚ್ಚಿ ಮತ್ತೆ ಹೊಲಿಯುತ್ತೇನೆಂದರು, ನಾನು ಬಿಡಲಿಲ್ಲ. ಇಬ್ಬರೂ ಸೇರಿ ಅದನ್ನು ಚೌಕಟ್ಟಿಗೆ ಬಿಗಿದೆವು.

ಕಳೆದ ವಾರ ಕಲ್ಯಾಣಪುರದಿಂದ ಬಂದಿದ್ದ ನನ್ನ ಗೆಳತಿ, “ಎಷ್ಟು ಚಂದ ಉಂಟು, ಎಲ್ಲಿಂದ ತಂದದ್ದು?” ಎಂದು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಮಾವ, “ಜಪಾನಿನದ್ದು,” ಎಂದು ಗಂಭೀರವಾಗಿ ಹೇಳಿದರು.