ಖಿಮ್ ಚಪ್ಪಲಿ ಕಳಚದ ಸಂಗೀತ

ಲಾನ್‌ಗೆ ಸಿಟ್ಟು ಬಂದರೆ ಅವಳ ಕೈಯ, ಕಡಲ ಸಿಂಪಿಯ ಚಿಪ್ಪು ಬಿಡಿಸೋ ಕತ್ತಿ ಇನ್ನೂ ಚುರುಕಾಗುತ್ತದೆ ಅಂತ ಲೋಕಾಂಗ್ ಬಂದರಿನ ಓಣಿಗೆಲ್ಲ ಗೊತ್ತು. ಅವತ್ತು ಕೈಯಲ್ಲಿ ಕತ್ತಿಯಿರಲಿಲ್ಲ. ಅಮ್ಮ ತೀರಿಕೊಂಡ ಮಾರನೇ ದಿನ, ಸತ್ತವರ ಹೆಸರಲ್ಲಿ ಸುಡೋ ಚಿನ್ನದ ಕಾಗದದಲ್ಲಿ ತಾವರೆ ಮಡಿಸುತ್ತ ಕೂತಿದ್ದಳು. ಕಾಗದ ಚರಚರ ಹರಿಯಿತು. ಹರಿಯದೆ ಏನಾದೀತು? ಅಣ್ಣ ಬೂನ್‌ಹಾಯ್ ಶವಪೆಟ್ಟಿಗೆಯ ಪಕ್ಕದಲ್ಲೇ ನಿಂತು ಅಂದಿದ್ದ:

"ಮಣ್ಣು ಮಾಡೋ ದಿನ ಖಿಮ್‌ನ ಹಿತ್ಲ ಕೋಣೇಲಿ ಹಾಕಿ ಅಗುಳಿ ಜಡಿ. ಅಪ್ಪನ ಸಾವಲ್ಲಿ ಹೋದ ಮಾನ ಸಾಕು."

ಖಿಮ್ ಇಬ್ಬರಿಗೂ ತಂಗಿ. ಮದುವೆಯಾಗಿಲ್ಲ, ಮಾತು ಕಮ್ಮಿ, ಸಿಂಪಿ ಬಿಡಿಸೋದರಲ್ಲಿ ಲಾನ್‌ಗಿಂತ ಒಂದು ಕೈ ಮೇಲು. ಆದರೆ ಸದ್ದು ಅವಳಿಗೆ ಬರೀ ಕಿವಿಗಲ್ಲ, ಹಲ್ಲಿಗೆ, ಎಲುಬಿಗೆ ಬೀಳುತ್ತದೆ. ಅಪ್ಪನ ಸಾವಿನಲ್ಲಿ ಓಲಗದವರು ಮುಖವೀಣೆ ಎತ್ತಿ ಊದಿದ್ದೇ ತಡ, ಖಿಮ್ ಚಪ್ಪಲಿ ಬಿಟ್ಟು ಓಡಿ ದೋಣಿಯ ಕೆಳಗೆ ಅಡಗಿದ್ದಳು. ಅಣ್ಣ ಎಲ್ಲರ ಎದುರು ಎಳೆದು ತಂದು ಕೆನ್ನೆಗೆ ಬಾರಿಸಿದ್ದ. ಹೆತ್ತಪ್ಪನ ಬೆನ್ನಿಗೆ ನಿಲ್ಲಲಾರದ ಮಗಳು ಅಂತ ಓಣಿ ಇವತ್ತಿಗೂ ಆಡಿಕೊಳ್ಳುತ್ತದೆ. ಅಮ್ಮ ಮಾತ್ರ ಸಾಯೋ ಮುಂಚೆ ಲಾನ್ ಕೈ ಹಿಡಿದು, "ನನ್ನನ್ನ ಎತ್ತೋವಾಗ ಖಿಮ್ ನನ್ನ ಹಿಂದೆ ಇರ್ಬೇಕು ಕಣೇ" ಅಂದಿದ್ದಳು.

"ಕೂಡಿ ಹಾಕೋಕೆ ಅವಳೇನು ಹಂದೀನಾ?" ಅಂದಳು ಲಾನ್. "ಅವಳು ತಡ್ಕೊಳ್ಳೋ ಸಂಗೀತ ನಾನು ಹುಡುಕ್ತೀನಿ."

"ಹುಡುಕು. ಸೊಳ್ಳೆ ಮೇಳ ಸಿಕ್ರೆ ಕರ್ಕೊಂಡು ಬಾ," ಅಂದ ಅಣ್ಣ.

ಲಾನ್‌ಗೆ ಅಳತೆ ಗೊತ್ತಿತ್ತು. ಸದ್ದು ಹಿತವಾಗಿದ್ದರೆ ಖಿಮ್ ಚಪ್ಪಲಿ ಕಾಲಲ್ಲೇ ಇರುತ್ತದೆ. ಕೊರೆಯಲು ಶುರುವಾದರೆ ಕಾಲ ಹೆಬ್ಬೆರಳು ಮಡಿಸುತ್ತಾಳೆ. ಚಪ್ಪಲಿ ಕಳಚಿತೋ, ಆಮೇಲೆ ಅವಳನ್ನು ಹಿಡಿಯಲು ದೇವರಿಂದಲೂ ಆಗದು. ಬಾಯಿ ಬಿಟ್ಟು "ಸಾಕು" ಅನ್ನೋ ಜಾಯಮಾನವೇ ಅಲ್ಲ ಅವಳದು.

ಗುಡಿ ಹಿಂದಿನ ಚಾವಡಿಯಲ್ಲಿ ಲಮ್‌ಕ್ವಾನ್ ಅನ್ನೋ ಹಳೇ ಹಾಡು ಹಾಡುವ ಮುದುಕರು ದಿನಾ ಸೇರುತ್ತಾರೆ. ಉದ್ದ ಕೊಳಲು, ಅಡ್ಡ ಹಿಡಿದ ವೀಣೆ, ಹಿಟ್ಟಿನ ಗಂಜಿಯ ಹಾಗೆ ನಿಧಾನದ ಹಾಡು. ಇದಕ್ಕಿಂತ ಮೆತ್ತಗಿನದು ಭೂಮಿ ಮೇಲೆ ಇನ್ನೇನಿದೆ ಅಂತ ಲಾನ್ ತಂಗಿಯನ್ನು ಕರೆದೊಯ್ದಳು. ಕೊಳಲು ಎದ್ದಿತು, ಚಪ್ಪಲಿ ಅಲ್ಲಾಡಲಿಲ್ಲ. ವೀಣೆ ಸೇರಿತು, ಅಲ್ಲಾಡಲಿಲ್ಲ. ಲಾನ್ ಉಸಿರು ಬಿಡುವಷ್ಟರಲ್ಲಿ ನಡುವೆ ಕೂತಿದ್ದ ಊಯ್ ಅಜ್ಜ ಮಡಿಲಲ್ಲಿದ್ದ ಮರದ ತಾಳವನ್ನು "ಟಕ್" ಅನ್ನಿಸಿದ. ಖಿಮ್ ಬರಿಗಾಲಲ್ಲಿ ಅಂಗಳದಲ್ಲಿದ್ದಳು.

"ಒಂದು ಟಕ್ಕಿಗೇನಾ?" ಅಂತ ಅಜ್ಜ ಬಾಯಿ ತೆರೆದ.

"ಒಂದಾದ್ರೇನು, ಹತ್ತಾದ್ರೇನು! ಹಾವಿನ ಹಾಗೆ ಮಡಿಲಲ್ಲಿ ಬಚ್ಚಿಟ್ಕೊಂಡು ಕಚ್ಚಿದ್ರಲ್ಲ!" ಲಾನ್ ಬೈದದ್ದು ಅಜ್ಜನಿಗೆ, ಉರಿದದ್ದು ತನ್ನ ಮೇಲೆ. ಮೆತ್ತಗಿದ್ದದ್ದೆಲ್ಲ ಹಿತ ಅಂದುಕೊಂಡು ಬಂದಿದ್ದಳಲ್ಲ.

ಅಂಗಳಕ್ಕೆ ಓಡಿದರೆ ಅಲ್ಲಿ ಇನ್ನೊಂದು ಸೋಜಿಗ. ಸಿಂಹದ ವೇಷ ಕುಣಿಸುವ ತಂಡದವನೊಬ್ಬ ಕೊಪ್ಪರಿಗೆಯಂಥ ನಗಾರಿ ಬಡಿಯುತ್ತಿದ್ದ. ಲಾನ್ ಎದೆಯೇ ನಡುಗಿತು. ಖಿಮ್ ಮಾತ್ರ ಅವನ ಎದುರೇ ನಿಂತು, ಕೋಲು ಮೇಲೆ ಹೋಗೋದು, ಕೆಳಗೆ ಬರೋದು ನೋಡುತ್ತಿದ್ದಳು. ಲಾನ್ ತಂದಿಟ್ಟ ಚಪ್ಪಲಿಯೊಳಕ್ಕೆ ತಾನಾಗೇ ಕಾಲು ತೂರಿಸಿದಳು.

"ಇದು ನೋಯಲ್ವೇನೇ?"

"ಬರ್ತೀನಿ ಅಂತ ಹೇಳಿ ಬರುತ್ತಲ್ಲಕ್ಕ," ಅಂದಳು ಖಿಮ್.

ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡು, ಇದೊಂದು ಮಾತು ಯಾರಾದರೂ ಕೇಳಿದ್ದೆವಾ ಅಂತ ಲಾನ್‌ಗೆ ಮೈಯೆಲ್ಲ ಬೆಂಕಿಯಾಯಿತು. ಸೀದಾ ಚಾವಡಿಗೆ ನುಗ್ಗಿದಳು.

"ಅಜ್ಜಾ, ಅಮ್ಮನ್ನ ಎತ್ತೋ ದಿನ ನೀವೇ ಬಂದು ನುಡಿಸಿ. ತಾಳ ಹೊಡೆಯೋ ಮೊದಲು ಹಣೆ ಮಟ್ಟಕ್ಕೆ ಎತ್ತಿ. ಅವಳಿಗೆ ಕಾಣೋ ಹಾಗೆ."

"ನಮ್ಮ ಗುರುಗಳ ಗುರುಗಳು ಎತ್ತಿದ್ದಿಲ್ಲ. ತಾಳ ಎದೆ ದಾಟಬಾರದು."

"ಅವರ್ಯಾರೂ ನಮ್ಮಮ್ಮನ ಕೈಯ ಸಿಂಪಿ ದೋಸೆ ತಿಂದಿಲ್ಲ. ನೀವು ತಿಂದಿದ್ದೀರಿ."

ಅಜ್ಜ ಬೋಳುತಲೆ ಸವರಿಕೊಂಡ. "ಬಾಯಿ ಅಂದ್ರೆ ನಿನ್ನದು ಮಾರಾಯ್ತಿ. ಎತ್ತೋಣ ಬಿಡು."

ಮಣ್ಣಿನ ದಿನ ಖಿಮ್ ಸೂತಕದ ಸೆಣಬಿನ ಮುಸುಕು, ಹುಲ್ಲಿನ ಚಪ್ಪಲಿ ಹಾಕಿಕೊಂಡು ಅಮ್ಮನ ಹಿಂದೆ ನಿಂತಳು. ತಾಳ ಹಣೆಗೇರಿತು, ಇಳಿಯಿತು. ಅವಳ ಹೆಬ್ಬೆರಳು ಮಡಚಿತು, ಬಿಡಿಸಿಕೊಂಡಿತು. ನಿಂತಳು.

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಒಂದು ವ್ಯಾನು. ಬಿಳಿ ಬಟ್ಟೆಯ ಹೆಂಗಸೊಬ್ಬಳು ಇಳಿದು ಮಂಡಿಯೂರಿದಳು. ಎದೆಗೆ ಮೈಕು, ಹಿಂದೆ ಎಳೆದು ತರುವ ಸ್ಪೀಕರು. ಬಾಡಿಗೆಗೆ ಅಳುವ ಮಗಳು! ಓಲಗ, ಗೋಳಾಟ ಇಲ್ಲದ ಸಾವಿಗೆ ಮೀನು ಪೇಟೆಯ ಗೆಳೆಯರು ಏನಂದಾರು ಅಂತ ಅಣ್ಣ ಯಾರಿಗೂ ಹೇಳದೆ ಗೊತ್ತುಮಾಡಿದ್ದ. ಮೈಕು ಕಿರ್ರೆಂದು ಸೀಳಿತು. ಖಿಮ್‌ಳ ಒಂದು ಚಪ್ಪಲಿ ಆಗಲೇ ಕಳಚಿತ್ತು.

ಲಾನ್ ಸೊಂಟದಿಂದ ಸಿಂಪಿ ಕತ್ತಿ ತೆಗೆದಳು. ಜನ ಹೌಹಾರಿ ಸರಿದರು. ಅವಳು ನೇರ ಹೋಗಿ ಸ್ಪೀಕರಿನ ವೈರು ಕತ್ತರಿಸಿದಳು.

"ಅಯ್ಯೋ ನನ್ನ ವೈರು!" ಆ ಹೆಂಗಸು ಅವತ್ತು ನಿಜವಾಗಿ ಅತ್ತದ್ದು ಅದೊಂದೇ ಸಲ.

"ಮಾನ ತೆಗೆದೆಯಲ್ಲೇ!" ಅಣ್ಣ ಕೈ ಎತ್ತಿದ.

"ಹೊಡಿ! ಅಪ್ಪನ ಸಾವಲ್ಲಿ ಅವಳಿಗೆ ಹೊಡ್ದೆ, ಅಮ್ಮನ ಸಾವಲ್ಲಿ ನನಗೆ ಹೊಡಿ. ಹೆತ್ತವಳಿಗೆ ಅಳೋಕೆ ಬಾಡಿಗೆ ಬಾಯಿ ತಂದಿದ್ದೀಯ, ಹೆತ್ತ ಮಗಳನ್ನ ಓಡಿಸೋಕೆ! ಒಂದೇ ಒಂದು ಸಲ ಅವಳ ಕಾಲು ನೋಡಿದ್ದೀಯೇನೋ ನೀನು?"

ಊಯ್ ಅಜ್ಜ ಯಾರ ಕಡೆಗೂ ನೋಡದೆ ತಾಳವನ್ನು ಹಣೆಗೂ ಮೇಲೆ, ತಲೆಯ ಮೇಲೆ ಎತ್ತಿ ಹಿಡಿದ. ಹಾಗೇ ಹಿಡಿದುಕೊಂಡೇ ಇದ್ದ. ಖಿಮ್ ಅದನ್ನೇ ನೋಡುತ್ತ ಕಳಚಿದ ಚಪ್ಪಲಿಯೊಳಕ್ಕೆ ಕಾಲು ತೂರಿಸಿದಳು. ಆಮೇಲೆ ಅಜ್ಜ ತಾಳ ಹೊಡೆದ, ಅಣ್ಣ ಎತ್ತಿದ ಕೈ ಇಳಿಸಿದ. ಪೆಟ್ಟಿಗೆ ಎತ್ತಿದರು.

ದಿಬ್ಬದ ಗೋರಿಯವರೆಗೂ ಖಿಮ್ ಅಮ್ಮನ ಹಿಂದೆ ನಡೆದಳು. ದಾರಿಯುದ್ದಕ್ಕೂ ಅಣ್ಣ ತಲೆ ತಗ್ಗಿಸಿದ್ದ. ಪಾಪ, ದುಃಖ ಅಂದುಕೊಂಡರು ಜನ. ಅವನ ಕಣ್ಣು ತಂಗಿಯ ಹುಲ್ಲಿನ ಚಪ್ಪಲಿಯ ಮೇಲಿದ್ದದ್ದು ಲಾನ್‌ಗೆ ಮಾತ್ರ ಕಂಡಿತು. ಕಂಡು ಅವಳ ಸಿಟ್ಟು ಇಳಿಯಿತೇ? ಎಲ್ಲಿಯ ಮಾತು. ಈಗ ನೋಡೋ ಕಣ್ಣು ಅಪ್ಪ ಸತ್ತಾಗ ಎಲ್ಲಿತ್ತು ಅಂತ ಇನ್ನೂ ಹೆಚ್ಚಾಯಿತು. ಮಾರನೇ ವಾರ ಸಿಂಪಿ ಬಿಡಿಸಲು ಕೂತಾಗ ಅವಳ ಕತ್ತಿ ಎಷ್ಟು ಚುರುಕಾಗಿ ಓಡಿತೆಂದರೆ, ಪಕ್ಕದಲ್ಲಿದ್ದ ಖಿಮ್ ಅವಳ ಕೈ ಹಿಡಿದು, "ಮೆಲ್ಲಗಕ್ಕ" ಅಂದಳು.