ತೆಗ್ಗಿನವ್ವ ನೆರಳಿಗೆ ಹೋದ ದಿನ

1979ರಲ್ಲಿ ನಾನು ರಾಯಚೂರಿನಲ್ಲಿ ಸಹಾಯಕ ಎಂಜಿನಿಯರ್ ಆಗಿದ್ದೆ. ರಾಯಚೂರು, ಮಾನ್ವಿ, ದೇವದುರ್ಗ ತಾಲ್ಲೂಕುಗಳ ರಸ್ತೆ ದುರಸ್ತಿ ನನ್ನ ಪಾಲಿಗೆ ಬಂದಿತ್ತು. ಎರೆಭೂಮಿಯ ಮೇಲಿನ ರಸ್ತೆಯ ಪಾಡು ನೋಡಿಕೊಂಡವರಿಗೇ ಗೊತ್ತು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ನಡುವೆ ಏನಾದರೂ ಉಳಿದರೆ ಹತ್ತಿ ಹೇರಿದ ಗಾಡಿಗಳ ಕಬ್ಬಿಣದ ಪಟ್ಟಿ ಅದನ್ನೂ ಮುಗಿಸುತ್ತದೆ. ಮೊದಲೇ ನನಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತಿತ್ತು. ಆ ರಸ್ತೆಗಳು ಅದನ್ನು ಕೆಳಗಿಳಿಯಲು ಬಿಡಲಿಲ್ಲ.

ಆ ವರ್ಷ ಇಲಾಖೆ ಒಂದು ಹೊಸ ಯೋಜನೆ ತಂದಿತು. ಗ್ಯಾಂಗಿನ ಕೆಲಸಗಾರರಿಗೆ ತರಬೇತಿ ಕೊಡುವುದು, ಪರೀಕ್ಷೆ ಮಾಡುವುದು, ಪಾಸಾದವರಿಗೆ ಸರ್ಟಿಫಿಕೇಟ್ ಕೊಟ್ಟು ಮೇಸ್ತ್ರಿ ಹುದ್ದೆಗೆ ಕಾಯಂ ಮಾಡುವುದು, ಅವರ ಗ್ಯಾಂಗಿಗೆ ಮಳೆಗಾಲದಲ್ಲೂ ಕೆಲಸ ಕೊಡುವುದು. ಗ್ಯಾಂಗ್ ಎಂದರೆ ಒಂದು ತುಂಡು ರಸ್ತೆಯನ್ನು ನೋಡಿಕೊಳ್ಳುವ ಎಂಟು ಹತ್ತು ಜನರ ಗುಂಪು. ಅದರ ಯಜಮಾನನೇ ಮೇಸ್ತ್ರಿ. ಯಜಮಾನ ಎಂದೆನಲ್ಲ, ಅಲ್ಲೇ ಜಗಳ ಹತ್ತಿದ್ದು. ಕುರ್ಡಿಯ ಹುಲಿಗೆಮ್ಮ ತನ್ನ ಹೆಸರನ್ನೂ ಸೇರಿಸಿ ಎಂದು ನನ್ನ ಕಚೇರಿಗೆ ಬಂದು ಕುಳಿತಳು. ವಯಸ್ಸು ನಲವತ್ತರ ಆಸುಪಾಸು, ದನಿ ಮಾತ್ರ ಆಚೆ ಓಣಿಗೂ ಕೇಳುವಂಥದು. ವರ್ಷಗಟ್ಟಲೆ ದಿನಗೂಲಿಯಲ್ಲಿ ಖಡಿ, ಅಂದರೆ ಜಲ್ಲಿಕಲ್ಲು, ಹೊತ್ತವಳು. ಮಳೆಗಾಲ ಬಂದರೆ ದಿನಗೂಲಿಯವರನ್ನು ಮನೆಗೆ ಕಳಿಸುತ್ತಿದ್ದೆವು. ಆಕೆ ಮತ್ತು ಆಕೆಯ ಜೊತೆಯ ಹೆಂಗಸರು ಗಂಟು ಕಟ್ಟಿಕೊಂಡು ದೂರದೂರಿಗೆ ಕೂಲಿ ಹುಡುಕಿ ಹೋಗಬೇಕಿತ್ತು.

"ಕಾಯಂ ಆದ್ರ ಊರು ಬಿಡೋದು ತಪ್ತದ್ರಿ. ನನಗಷ್ಟ ಅಲ್ಲ, ನನ್ನ ಗ್ಯಾಂಗಿಗೂ," ಎಂದಳು.

ಕಚೇರಿಯಲ್ಲಿ ಕೆಲವರು ಮುಸಿಮುಸಿ ನಕ್ಕರು. ಹೆಣ್ಣುಮಗಳು ಮೇಸ್ತ್ರಿಯಾದರೆ ಗಂಡಸರು ಮಾತು ಕೇಳುತ್ತಾರೆಯೇ ಎಂದು ಒಬ್ಬರು ಕೇಳಿದರು. ಈಗ ನಾವು ಕೇಳಿಸಿಕೊಳ್ಳುತ್ತಿಲ್ಲವೇ ಎಂದು ನಾನು ರೇಗಿದೆ. ಹೆಸರು ಸೇರಿತು.

ರಾಯಚೂರಿನಲ್ಲಿ ಸಾಮಾನಿನ ಗೋದಾಮಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ತರಗತಿ ನಡೆಯಿತು. ಪಾಠ ಮಾಡುವವನು ನಾನೇ. ರಸ್ತೆಯ ತೆಗ್ಗು ಮುಚ್ಚುವಾಗ ಮೊದಲು ಅದನ್ನು ಚೌಕಾಕಾರಕ್ಕೆ ಕತ್ತರಿಸಬೇಕು, ಅಂಚುಗಳು ನೆಟ್ಟಗಿರಬೇಕು, ಆಮೇಲೆ ದಪ್ಪ ಕಲ್ಲು, ಮೇಲೆ ಖಡಿ, ಸಂದಿಗೆ ಗರಸು ಮಣ್ಣು, ನೀರು, ಮರದ ಹಿಡಿಯ ದಿಮ್ಮಸಿನಿಂದ ಬಡಿತ. ಇದನ್ನೆಲ್ಲ ಬೋರ್ಡಿನ ಮೇಲೆ ಬರೆದು ತಿರುಗಿದರೆ ಹುಲಿಗೆಮ್ಮ ಕೈ ಎತ್ತಿದ್ದಳು.

"ದುಂಡನ್ನ ತೆಗ್ಗು ಚೌಕ ಮಾಡಂತೀರಿ. ನಿಮ್ಮ ಮನ್ಯಾಗ ರೊಟ್ಟೀನೂ ಚೌಕ ಬಡೀತಾರೇನ್ರಿ?"

ಶೆಡ್ಡಿನ ತಗಡು ಹಾರಿಹೋಗುವ ಹಾಗೆ ಎಲ್ಲರೂ ನಕ್ಕರು. ಸಿಟ್ಟು ಬರಬೇಕಿತ್ತು, ನನಗೂ ನಗು ಬಂತು. ಆಕೆಯನ್ನು ಕಂಡರೆ ದೂರ ಕೂರುತ್ತಿದ್ದ ದೇವದುರ್ಗದ ಗಂಡಸರು ಮರುದಿನದಿಂದ ಆಕೆಯ ಪಕ್ಕದಲ್ಲೇ ಬುತ್ತಿ ಬಿಚ್ಚತೊಡಗಿದರು.

ಪರೀಕ್ಷೆಯ ಕ್ರಮ ಹೀಗಿತ್ತು. ಪ್ರತಿಯೊಬ್ಬರೂ ತಮಗೆ ಕೊಟ್ಟ ರಸ್ತೆಯಲ್ಲಿ ಒಂದು ದೊಡ್ಡ ತೆಗ್ಗನ್ನು ದುರಸ್ತಿ ಮಾಡಬೇಕು. ಸುಮಾರು ಒಂದು ತಿಂಗಳ ಮೇಲೆ ಕಾರ್ಯನಿರ್ವಾಹಕ ಎಂಜಿನಿಯರ್ ಬರುತ್ತಾರೆ. ನಾವೆಲ್ಲ ಅವರನ್ನು ದೊಡ್ಡ ಸಾಹೇಬರು ಎನ್ನುತ್ತಿದ್ದೆವು. ಅವರ ಮುಂದೆ ಒಂದು ಮೂಲೆ ಅಗೆದು ಪದರಗಳನ್ನು ತೋರಿಸಬೇಕು, ಮತ್ತೆ ಮುಚ್ಚಬೇಕು. ಹುಲಿಗೆಮ್ಮನಿಗೆ ಮಲ್ಲಟದ ರಸ್ತೆಯ ತೆಗ್ಗು ಬಂತು. ಎಮ್ಮೆ ಮಲಗಿದರೆ ಕಾಣದಷ್ಟು ಆಳವಾದದ್ದು. ಕೆಲಸ ಮುಗಿದ ದಿನ ನಾನೇ ನೋಡಿ ಬಂದಿದ್ದೆ, ಅಚ್ಚುಕಟ್ಟಾಗಿತ್ತು.

ಪರೀಕ್ಷೆಯ ದಿನ ದೇವದುರ್ಗದ ಕಡೆ ಮುಗಿಸಿಕೊಂಡು ಮಲ್ಲಟದ ದಾರಿ ಹಿಡಿದೆವು. ಜೀಪು ಓಡಿಸುತ್ತಿದ್ದವರು ರಾಯಚೂರಿನ ಖಾಜಾಸಾಬರು. ದೂರದಿಂದಲೇ ಜನ ಗುಂಪುಗೂಡಿದ್ದು ಕಂಡಿತು. ದೊಡ್ಡ ಸಾಹೇಬರ ಸ್ವಾಗತಕ್ಕೆ ಊರೇ ಬಂದಿದೆ ಎಂದು ನಾನು ಹಿಗ್ಗಿದೆ. ಹತ್ತಿರ ಹೋದಾಗ ಖಾಜಾಸಾಬರು ಬ್ರೇಕ್ ಒತ್ತಿ, "ಯಾ ಅಲ್ಲಾ, ಇಲ್ಲಿ ದೇವ್ರು ಯಾವಾಗ ಬಂದ್ರು ಸಾಬ್?" ಎಂದರು.

ಹುಲಿಗೆಮ್ಮ ಮುಚ್ಚಿದ ತೆಗ್ಗಿನ ಸುತ್ತ ಕಲ್ಲುಗಳು. ನಡುವೆ ಅರಿಶಿನ, ಕುಂಕುಮ, ಚೆಂಡು ಹೂವು, ಒಡೆದ ತೆಂಗಿನಕಾಯಿ, ಹೊಗೆಯಾಡುವ ಊದಿನಕಡ್ಡಿ. ಗಾಡಿಗಳು ರಸ್ತೆ ಬಿಟ್ಟು ಪಕ್ಕದ ಹೊಲಕ್ಕಿಳಿದು, ಬಳಸಿ ಹೋಗಿ ಹೊಸ ದಾರಿಯೇ ಬಿದ್ದಿತ್ತು.

"ಏನ್ರೀ ಇದು?" ಎಂದರು ದೊಡ್ಡ ಸಾಹೇಬರು. ನಾನು ಹುಲಿಗೆಮ್ಮನ ಕಡೆ ತಿರುಗಿದೆ.

ಹುಲಿಗೆಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಪರೀಕ್ಷೆಯ ತೆಗ್ಗು ಕೆಡಬಾರದೆಂದು ಗಾಡಿಯವರಿಗೆ ಕೈ ಮುಗಿದಿದ್ದಳು, ಬೈದಿದ್ದಳು. ಯಾರೂ ಕೇಳಲಿಲ್ಲ. ಕಡೆಗೆ ನಾಲ್ಕು ಕಲ್ಲಿಟ್ಟು ಅರಿಶಿನ ಕುಂಕುಮ ಹಚ್ಚಿದಳು. ಮರುದಿನದಿಂದ ಒಂದು ಗಾಲಿಯೂ ಅದರ ಮೇಲೆ ಹತ್ತಲಿಲ್ಲ. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಮಲ್ಲಟದ ಕುರಿಗಾರ ಬೀರಪ್ಪಜ್ಜನ ಟಗರು ಕಳೆದುಹೋಗಿತ್ತು. ಆತ ಇಲ್ಲಿ ಕಾಯಿ ಒಡೆದ ಸಂಜೆಯೇ ಅದು ತಾನಾಗಿ ಹಟ್ಟಿಗೆ ಬಂತು. ಅಂದಿನಿಂದ ನಮ್ಮ ದುರಸ್ತಿ ಕಾಮಗಾರಿ ತೆಗ್ಗಿನವ್ವ ಆಗಿಬಿಟ್ಟಿತ್ತು.

"ಅಗೀರಿ," ಎಂದರು ದೊಡ್ಡ ಸಾಹೇಬರು.

ಬೀರಪ್ಪಜ್ಜ ಕೋಲು ಅಡ್ಡ ಹಿಡಿದ. "ಹಾರಿ ಹಚ್ಚಬ್ಯಾಡ್ರಿ ಯಪ್ಪಾ. ಅವ್ವ ಸಿಟ್ಟಾಗ್ತಾಳ."

"ಅಗೆಯದೆ ಪಾಸು ಮಾಡೋಕೆ ಬರಲ್ಲ. ಫೇಲ್ ಅಂತ ಬರೀಲೇ?"

ಹುಲಿಗೆಮ್ಮನ ಮುಖ ಸಣ್ಣದಾಯಿತು. "ಯಜ್ಜಾ, ದೇವ್ರಿಲ್ಲ ಏನಿಲ್ಲ. ಕುಂಕುಮ ಹಚ್ಚಿದಾಕಿ ನಾನ," ಎಂದಳು.

"ಹಚ್ಚಿದಾಕಿ ನೀನ, ಖರೆ. ಹಚ್ಚು ಅಂತ ನಿನಗ ಬುದ್ಧಿ ಕೊಟ್ಟಾಕಿ ಯಾರು?"

ನಾನು ಗದರಲು ಬಾಯಿ ತೆರೆಯುವಷ್ಟರಲ್ಲಿ ಹುಲಿಗೆಮ್ಮ ಸೆರಗು ಸಿಕ್ಕಿಸಿಕೊಂಡು ಆ ಕಲ್ಲುಗಳ ಮುಂದೆ ಮಂಡಿಯೂರಿ ಕುಳಿತಳು.

"ಯವ್ವಾ, ನಡುದಾರ್ಯಾಗ ಕುಂತೀದಿ. ಬಿಸಿಲು ಹೊಡೀತದ, ಧೂಳಿ ಬಡೀತದ. ಅಲ್ಲಿ ಬೇವಿನ ಗಿಡದ ಕೆಳಗ ತಂಪದ. ಬರ್ತಿಯಂದ್ರ ಉಡಿ ತುಂಬಿ ಕರ್ಕೊಂಡು ಹೋಗ್ತೀನಿ." ಆಮೇಲೆ ಬೀರಪ್ಪಜ್ಜನ ಕಡೆ ತಿರುಗಿ, "ಅವ್ವ ಏನಂದ್ಳು ಅನ್ನೋದು ನೀವ ಹೇಳ್ರಿ ಯಜ್ಜಾ. ಟಗರು ಸಿಕ್ಕದ್ದು ನಿಮಗ," ಎಂದಳು.

ಅಜ್ಜ ಕಣ್ಣು ಮುಚ್ಚಿದ. ಬಹಳ ಹೊತ್ತು ತೆರೆಯಲೇ ಇಲ್ಲ. ದೊಡ್ಡ ಸಾಹೇಬರು ಗಡಿಯಾರ ನೋಡಿಕೊಂಡರು. ಕೊನೆಗೆ ಅಜ್ಜ, "ನೆರಳಿಗೆ ಹೋಗ್ತಾಳಂತ," ಎಂದ.

ಹುಲಿಗೆಮ್ಮನ ಗ್ಯಾಂಗಿನ ಹೆಂಗಸರು ಹಾಡು ಎತ್ತಿಕೊಂಡರು. ಕಲ್ಲುಗಳು ಒಂದೊಂದಾಗಿ ಬೇವಿನ ಮರದ ಬುಡಕ್ಕೆ ಹೋದವು. ಅಕ್ಕಿ, ರವಿಕೆಯ ಕಣ, ಕಾಯಿ ಇಟ್ಟು ಉಡಿ ತುಂಬಿದರು. ದೊಡ್ಡ ಸಾಹೇಬರ ಹಣೆಗೂ ಕುಂಕುಮ ಬಂತು, ಖಾಜಾಸಾಬರ ಕೈಗೂ ಕೊಬ್ಬರಿ ಬಂತು.

ಈಗ ಹುಲಿಗೆಮ್ಮ ಹಾರೆ ಹಿಡಿದು ಮೂಲೆ ಅಗೆದಳು. ಕೆಳಗೆ ದಪ್ಪ ಕಲ್ಲು, ಮೇಲೆ ಖಡಿ, ಸಂದಿಯಲ್ಲಿ ಗರಸು, ಎಲ್ಲ ಪಾಠದಂತೆಯೇ. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ದೊಡ್ಡ ಸಾಹೇಬರು ಬೂಟಿನ ಹಿಮ್ಮಡಿಯಿಂದ ತೆಗ್ಗಿನ ನಡುವೆ ಒತ್ತಿ ತಿರುವಿದರು. ಖಡಿ ಕರಕರ ಎಂದು ಜರುಗಿತು.

"ಒಂದು ಗಾಲಿಯೂ ಹತ್ತದ ರಸ್ತೆ. ಗಟ್ಟಿ ಅಂತ ಹೇಗೆ ಬರೆದುಕೊಡಲಿ?"

ಅವರು ಹೇಳಿದ್ದು ನಿಜ. ಇಂಥ ರಸ್ತೆಯಲ್ಲಿ ದಿಮ್ಮಸು ಆರಂಭಿಸಿದ್ದನ್ನು ಗಾಲಿಗಳೇ ಮುಗಿಸಬೇಕು. ಭಾರ ಬಿದ್ದಷ್ಟೂ ಖಡಿಯೂ ಗರಸೂ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಉಳಿದವರೆಲ್ಲರ ತೆಗ್ಗುಗಳ ಮೇಲೆ ತಿಂಗಳಿಡೀ ಗಾಡಿಗಳು ಓಡಾಡಿದ್ದವು. ಹುಲಿಗೆಮ್ಮನದು ಮಾತ್ರ ಪೂಜೆ ಮಾಡಿಸಿಕೊಂಡು ಕುಳಿತಿತ್ತು.

"ಕಾಪಾಡಿದ್ದ ತಪ್ಪಾತೇನ್ರಿ?" ಎಂದಳು. ಆ ದೊಡ್ಡ ದನಿ ಮೊದಲ ಸಲ ಸಣ್ಣಗೆ ಕೇಳಿಸಿತು. ಆಕೆಯ ಹಿಂದೆ ನಿಂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮೂಲೆ ಮುಚ್ಚಿ ತೋರಿಸೋದು ಇನ್ನೂ ಬಾಕಿ ಇದೆ ಸರ್. ಅದೂ ಪರೀಕ್ಷೆಯ ಭಾಗವೇ," ಎಂದೆ ನಾನು.

"ಸಂಜೆವರೆಗೆ ಸಮಯ," ಎಂದು ಅವರು ಬೇವಿನ ನೆರಳಿಗೆ ಹೋಗಿ ತೆಗ್ಗಿನವ್ವನ ಪಕ್ಕದಲ್ಲೇ ಕುಳಿತರು.

ಆಮೇಲೆ ಶುರುವಾದ ಸಂಭ್ರಮವನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಮೂಲೆ ಮುಚ್ಚಿ, ಕೊಡಗಟ್ಟಲೆ ನೀರು ಸುರಿದು, ಗರಸು ತುಂಬಿ, ದಿಮ್ಮಸು ಬಡಿದರು. ಹುಲಿಗೆಮ್ಮ ಬೀರಪ್ಪಜ್ಜನನ್ನು ಕೂಗಿದಳು. "ಯಜ್ಜಾ, ನಿಮ್ಮ ಕುರಿ ಎಲ್ಲೆದಾವ? ಹೊಡ್ಕೊಂಡು ಬರ್ರಿ!" ಅಜ್ಜನ ಮಂದೆ ಮ್ಯಾ ಎನ್ನುತ್ತ ತೆಗ್ಗಿನ ಮೇಲೆ ಹರಿಯಿತು, ಆ ಟಗರು ಮುಂದೆ. ದೊಡ್ಡ ಸಾಹೇಬರು ಎದ್ದು ನಿಂತು ನಕ್ಕರು. ಮಣ್ಣು ಗಟ್ಟಿ ಮಾಡಲು ಕುರಿಗಾಲಿನ ರೋಲರ್ ಎಂಬ ಯಂತ್ರವೇ ಇದೆ, ಕುರಿಯ ಗೊರಸಿನ ಹಾಗೆ ಮೈತುಂಬ ಮೊಳೆ ಇರುತ್ತವೆ ಎಂದು ಊರಿನವರಿಗೆ ವಿವರಿಸಿದರು. "ನಮ್ಮ ಕುರಿ ನೋಡೇ ಮಾಡಿರ್ಬೇಕು ಬಿಡ್ರಿ," ಎಂದ ಅಜ್ಜ.

ಕುರಿಗಳ ಹಿಂದೆ ಖಾಲಿ ಗಾಡಿ, ಅದರ ಹಿಂದೆ ಹೇರು ಗಾಡಿ. ನಡುನಡುವೆ ನೀರು, ಮತ್ತೆ ಗರಸು. ಮಧ್ಯಾಹ್ನ ಮಾನ್ವಿಯ ಬಸ್ಸು ಬಂತು. ಡ್ರೈವರ್ ರೂಢಿಯಂತೆ ಹೊಲಕ್ಕೆ ತಿರುವಿದ, ಒಳಗಿದ್ದವರು ಕಿಟಕಿಯಿಂದಲೇ ಕೈ ಮುಗಿದರು. ಹುಲಿಗೆಮ್ಮ ಓಡಿ ಅಡ್ಡ ನಿಂತಳು.

"ಇತ್ತಾಗ ಬರ್ರೀ! ಅವ್ವ ಗಿಡದ ಕೆಳಗ ಹೋಗ್ಯಾಳ!"

ಬಸ್ಸು ಹಿಂದಕ್ಕೆ ಸರಿದು, ತುಂಬಿದ ಬಸುರಿಯಂತೆ ನಿಧಾನವಾಗಿ ತೆಗ್ಗಿನ ಮೇಲೆ ಹಾದುಹೋಯಿತು. ಊರವರು ಸಿಳ್ಳೆ ಹೊಡೆದರು. ಕಂಡಕ್ಟರ್ ಇಳಿದು ಬೇವಿನ ಬುಡದಲ್ಲಿ ಕುಂಕುಮ ಹಚ್ಚಿಕೊಂಡು ಹತ್ತಿದ.

ಹೊತ್ತು ಇಳಿದಾಗ ದೊಡ್ಡ ಸಾಹೇಬರು ಬಂದು ಮತ್ತೆ ಹಿಮ್ಮಡಿ ಒತ್ತಿದರು. ಜಗ್ಗಲಿಲ್ಲ. ಹಾರೆಯ ತುದಿಯಿಂದ ಕೆದಕಿದರು. ಖಡಿ ಅಲುಗಲಿಲ್ಲ. ಜೀಪಿನ ಬಾನೆಟ್ ಮೇಲೆ ಕಾಗದವಿಟ್ಟು ಬರೆದರು. ಎಲ್ಲರಿಗೂ ಕೇಳುವಂತೆ ಓದಿ ಎಂದು ಹುಲಿಗೆಮ್ಮ ಪಟ್ಟು ಹಿಡಿದಳು. "ಕುರ್ಡಿಯ ಹುಲಿಗೆಮ್ಮ ರಸ್ತೆ ಮೇಸ್ತ್ರಿ ಕೆಲಸಕ್ಕೆ ಅರ್ಹರು," ಎಂದು ಅವರು ಓದಿದರು. ಆಕೆ ಅಳಲಿಲ್ಲ. ಗ್ಯಾಂಗಿನವರ ಕಡೆ ತಿರುಗಿ, "ಮಳಿಗಾಲದಾಗ ಗಂಟು ಕಟ್ಟೋದು ಮುಗೀತ್ರೇ!" ಎಂದು ಕೂಗಿದಳು. ಅತ್ತವನು ನಾನು. ಧೂಳು ಬಿತ್ತು ಎಂದು ಕಣ್ಣೊರೆಸಿಕೊಂಡೆ, ಯಾರೂ ನಂಬಲಿಲ್ಲ.

ನೌಕರಿಯಲ್ಲಿ ಆಮೇಲೆ ಎಷ್ಟೋ ರಸ್ತೆ ಮಾಡಿಸಿದೆ, ಎಷ್ಟೋ ಜನರಿಗೆ ತರಬೇತಿ ಕೊಟ್ಟೆ. ಮಲ್ಲಟದಲ್ಲಿ ಕಲಿತದ್ದನ್ನು ಎಲ್ಲೂ ಮರೆಯಲಿಲ್ಲ. ಒಳ್ಳೆಯ ಕೆಲಸ ಮಾಡಿ ಸುತ್ತ ಕಲ್ಲಿಟ್ಟು ಕಾದರೆ ಅದು ಗಟ್ಟಿಯಾಗುವುದಿಲ್ಲ. ಜನ ಬಳಸಬೇಕು, ತುಳಿಯಬೇಕು. ಕೆಲಸಗಾರರ ವಿಷಯಕ್ಕೂ ನಾನು ಇದನ್ನೇ ಪಾಲಿಸಿದೆ. ಸರ್ಟಿಫಿಕೇಟ್ ಕೊಟ್ಟ ಮೇಲೆ ಅವರಿಗೆ ಪೂರ್ತಿ ಕೆಲಸ ಒಪ್ಪಿಸುತ್ತಿದ್ದೆ, ನಡುವೆ ಕೈ ಹಾಕುತ್ತಿರಲಿಲ್ಲ. ಕೈ ಹಾಕಲು ಅವರು ಬಿಡುತ್ತಲೂ ಇರಲಿಲ್ಲ.

ಹುಲಿಗೆಮ್ಮ ಮೇಸ್ತ್ರಿಯಾದ ಮೊದಲ ವಾರ ನಾನು ಕುರ್ಡಿಯ ಕಡೆ ಹೊರಟಿದ್ದೆ. ರಸ್ತೆಯ ನಡುವೆ ಕೆಂಪು ಬಾವುಟ ಹಿಡಿದು ಆಕೆ ಜೀಪು ತಡೆದಳು. ಮುಂದೆ ಆಗಷ್ಟೇ ಮುಚ್ಚಿದ, ಇನ್ನೂ ಹಸಿಯಾಗಿದ್ದ ತೆಗ್ಗು.

"ಸಾಹೇಬ್ರ, ಇದರ ಮ್ಯಾಲ ಹಿಂದಕ್ಕ ಮುಂದಕ್ಕ ಹೋಗ್ರಿ."

ನನಗೆ ಮಾನ್ವಿಯಲ್ಲಿ ಮೀಟಿಂಗ್ ಇತ್ತು. "ಎಷ್ಟು ಸಲ?" ಎಂದು ರೇಗಿದೆ.

"ನಾ ಸಾಕು ಅನ್ನೋತನಕ."

ಖಾಜಾಸಾಬರು ನನ್ನ ಮುಖವನ್ನೂ ನೋಡದೆ ರಿವರ್ಸ್ ಗೇರ್ ಹಾಕಿದರು.