ಅತ್ತೆಯ ಸೀರೆ ಮತ್ತು ಮಡಚಿದ ಕಲ್ಲು

ಗೆಳೆಯರೇ, ಇವತ್ತಿನ ವಿಡಿಯೊ ಮೀಟಿಂಗಿನಲ್ಲಿ ನನ್ನ ಕೈಹಿಡಿದದ್ದು ಅತ್ತೆಯ ಮದುವೆ ಸೀರೆ.

ನೆಲದೊಳಗಿನ ಕಲ್ಲಿನ ಪದರಗಳನ್ನು ಕಂಪ್ಯೂಟರಿನಲ್ಲಿ ಚಿತ್ರಿಸುವುದು ನನ್ನ ಕೆಲಸ. ಒಂದು ಕಡೆ ಕೊರೆದಾಗ ಹಸಿರು ಕಲ್ಲು ಮೂರು ಆಳಗಳಲ್ಲಿ ಸಿಕ್ಕಿತ್ತು. ಸಾಫ್ಟ್‌ವೇರ್ ಅದನ್ನು ಮೂರು ಪದರಗಳೆಂದು ತೋರಿಸುತ್ತಿತ್ತು. ಒಂದೇ ಪದರ ಮಡಚಿಕೊಂಡಿರಬೇಕು ಎಂಬುದು ನನ್ನ ಅನಿಸಿಕೆ. ನಾಳೆ ಎಲ್ಲಿ ಕೊರೆಯಬೇಕೆಂಬುದು ಇದರ ಮೇಲೆಯೇ ನಿಂತಿತ್ತು.

"ಸಾಫ್ಟ್‌ವೇರ್ ತಪ್ಪು, ನೀವು ಸರಿನಾ ಮೇಡಂ?" ಎಂದರು ಮೀಟಿಂಗಿನಲ್ಲಿದ್ದ ನಮ್ಮ ಸಾಹೇಬರು. ನನಗೂ ಅದೇ ಅನುಮಾನ.

ಮನೆಯಿಂದಲೇ ಮೀಟಿಂಗ್ ನಡೆಸುತ್ತಿದ್ದೆ; ಅಷ್ಟರಲ್ಲಿ ಅತ್ತೆ ಮದುವೆ ಸೀರೆ ಹಿಡಿದು ಕೋಣೆಗೆ ಬಂದರು. ಒಂದೇ ಮಡಿಕೆಯಲ್ಲಿಟ್ಟರೆ ರೇಷ್ಮೆ ಸೀಳುತ್ತದೆಂದು ಆಗಾಗ ಸೀರೆ ಬಿಚ್ಚಿ ಮಡಿಕೆ ಬದಲಿಸುವುದು ಅವರ ಪದ್ಧತಿ.

"ಈ ತುದಿ ಹಿಡ್ಕೊಳಮ್ಮ."

"ಮೀಟಿಂಗಿದೆ ಅತ್ತೆ!"

"ಮೀಟಿಂಗು ಬಾಯಲ್ಲಿ ತಾನೆ? ಕೈ ಖಾಲಿ ಇದ್ಯಲ್ಲ."

ಸಿಡುಕುತ್ತಲೇ ಹಿಡಿದೆ. ಮಡಚುತ್ತಾ ಹೋದಂತೆ ಹಸಿರು ಅಂಚು ಒಂದರ ಮೇಲೊಂದು ಮೂರು ಸಲ ಕೂತಿತು. ಸೀರೆಯನ್ನೇ ಕ್ಯಾಮೆರಾದ ಮುಂದೆ ಹಿಡಿದು, "ಸರ್, ಇಲ್ಲಿ ಅಂಚು ಮೂರಾ, ಒಂದಾ?" ಎಂದೆ.

ಸಾಹೇಬರು ಪರದೆಯತ್ತ ಬಾಗಿ ನೋಡಿದರು. "ಒಂದೇ. ಹಂಗೇ ಇನ್ನೊಂದು ಮಾಡೆಲ್ ಮಾಡಿ. ಕೊರೆಯೋದು ಆಮೇಲೆ ನೋಡೋಣ."

ನನ್ನ ಊಹೆ ತಪ್ಪಾಗಲೂಬಹುದು. ಆದರೂ ಕೇಳಿಸಿಕೊಂಡರಲ್ಲ, ಅಷ್ಟು ಸಾಕು. ಮೀಟಿಂಗ್ ಮುಗಿದ ಕೂಡಲೇ ಅತ್ತೆಯ ಕೈ ಹಿಡಿದು ಥ್ಯಾಂಕ್ಸ್ ಹೇಳಿದೆ. ಅವರಿಗೆ ಕಲ್ಲಿನ ಚಿಂತೆಯಿರಲಿಲ್ಲ.

"ನಮ್ ದೊಡ್ಡಬಳ್ಳಾಪುರದ ಮಗ್ಗದ್ದು ಅಂತ ಹೇಳಿದ್ಯಾ? ಸೀರೆ ನೋಡಿ ಏನಂದ್ರು ನಿಮ್ ಸಾಹೇಬ್ರು?"

"ತುಂಬ ಚೆನ್ನಾಗಿದೆ ಅಂದ್ರು ಅತ್ತೆ."

ಇಡೀ ದಿನದಲ್ಲಿ ನಾನು ಅನುಮಾನವಿಲ್ಲದೆ ಹೇಳಿದ ಮಾತು ಅದೊಂದೇ. ಅದೂ ಸುಳ್ಳು.